ತೊರಗಲ್ ಮೇಡಂ ಬಾಗಿಲ ಬೆಂಚು

ನಾನು ಆ ಊರಿನಲ್ಲಿ ಬಸ್ಸಿಳಿದಾಗ ನನ್ನ ಹತ್ತಿರ ಇದ್ದದ್ದು ಒಂದು ಟ್ರಂಕು, ಒಂದು ಬೆನ್ನುಚೀಲ ಮತ್ತು ಒಬ್ಬರ ಹೆಸರು. ಟ್ರಂಕು, ಚೀಲ ಎರಡೂ ಸುಖವಾಗಿ ತಲುಪಿದವು. ಹೆಸರಿನ ಒಡತಿ ಮಾತ್ರ ನಾನು ಬರುವ ಹೊತ್ತಿಗೆ ತೀರಿಕೊಂಡಿದ್ದರು. ನನ್ನ ಕೆಲಸಗಳೆಲ್ಲ ಆಗುವುದೇ ಹೀಗೆ. ಊಟಕ್ಕೆ ಕರೆದ ಮನೆಗೆ ಹೋದರೆ ಅಲ್ಲಿ ಸೂತಕ ಇರುತ್ತದೆ.

ಅವರ ಹೆಸರು ನೀಲಗಂಗಮ್ಮ. ನಾನು ಎಂ.ಎ. ಓದುವಾಗ ನಮ್ಮ ಹಾಸ್ಟೆಲಿನ ವಾರ್ಡನ್ ಆಗಿದ್ದವರು, ನಿವೃತ್ತರಾಗಿ ತಮ್ಮ ಊರಿಗೆ ಹೋಗಿ ನೆಲೆಸಿದ್ದರು. ಅಷ್ಟರಲ್ಲಿ ನಾನು ಶಾಲೆಯೊಂದರಲ್ಲಿ ಚರಿತ್ರೆ ಪಾಠ ಹೇಳುತ್ತ, ಪಿಎಚ್.ಡಿ.ಗೆ ಗೈಡ್ ಹುಡುಕುತ್ತ ಬೆರಳು ಸವೆಸಿಕೊಂಡಿದ್ದೆ. ಎರಡು ವರ್ಷ ಬೇರೆ ಬೇರೆ ಊರುಗಳ ಪ್ರಾಧ್ಯಾಪಕರಿಗೆ ಇಮೇಲ್ ಕಳಿಸಿದ್ದೇ ಕಳಿಸಿದ್ದು. ಉತ್ತರ ಬಂದದ್ದು ಒಬ್ಬರಿಂದ. ‘ಪ್ರಿಯ ಚಂದ್ರಶೇಖರ್, ಸದ್ಯಕ್ಕೆ ನನ್ನಲ್ಲಿ ಜಾಗವಿಲ್ಲ’ ಎಂದಿತ್ತು. ನನ್ನ ಹೆಸರು ಚಂದ್ರಮತಿ. ಆದರೂ ಉತ್ತರ ಬಂತಲ್ಲ ಎಂದು ಅದನ್ನು ನಾಲ್ಕಾರು ಸಲ ಓದಿಕೊಂಡಿದ್ದೆ. ನನಗಾಗಲೇ ಮೂವತ್ತನಾಲ್ಕು. ಮೂವತ್ತೈದು ದಾಟಿದವರನ್ನು ತೆಗೆದುಕೊಳ್ಳುವ ವಿಶ್ವವಿದ್ಯಾಲಯ ನನಗೆ ಗೊತ್ತಿದ್ದ ಮಟ್ಟಿಗೆ ಎಲ್ಲೂ ಇರಲಿಲ್ಲ. ಆಗ ನೀಲಗಂಗಮ್ಮ ಪತ್ರ ಬರೆದರು: ‘ನಮ್ಮೂರಿಗೆ ಬಾ. ಕೆರೆಗಳ ಮೇಲೆ ಕೆಲಸ ಮಾಡುವ ಆಸೆ ನಿನಗೆ. ಇಲ್ಲಿ ತೊರಗಲ್ ಎಂಬವರಿದ್ದಾರೆ. ಬಂದವಳು ನೆಟ್ಟಗೆ ನನ್ನ ಮನೆಗೇ ಬಾ. ದಾರಿಯಲ್ಲಿ ಯಾರ ಹತ್ತಿರವೂ ಮಾತಾಡಬೇಡ.’ ಕೊನೆಯ ಮಾತನ್ನು ನಾನು ವಾರ್ಡನ್ನರ ಹಳೆಯ ಚಾಳಿ ಎಂದುಕೊಂಡೆ. ಶಾಲೆಗೆ ರಾಜೀನಾಮೆ ಕೊಟ್ಟು ಹೊರಟುಬಂದೆ.

ಅವರ ಮನೆಗೆ ಬೀಗ. ಪಕ್ಕದ ಮನೆಯಿಂದ ಕಾಶವ್ವ ಎಂಬ ಹೆಂಗಸು, ಅರವತ್ತರ ಆಸುಪಾಸು, ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೊರಬಂದಳು. ನಾನು ನಮಸ್ಕಾರ ಮಾಡಿ, ನನ್ನ ಹೆಸರು, ಊರು, ಬಂದ ಕಾರಣ ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವಳು ನನ್ನ ತುಟಿಗಳನ್ನೇ ಕನಿಕರದಿಂದ ನೋಡಿದಳು. ತನ್ನ ಕಿವಿ ಮುಟ್ಟಿಕೊಂಡು, ಇಲ್ಲ ಎಂಬಂತೆ ಕೈಯಾಡಿಸಿದಳು. ಆಮೇಲೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಕಿವುಡಿ ಇರಬೇಕೆಂದುಕೊಂಡೆ. ಆದರೆ ಎದುರು ಮನೆಯವಳು ಕೂಗಿ ಕೇಳಿದಾಗ ಸರಿಯಾಗಿಯೇ ಉತ್ತರ ಕೊಟ್ಟಳು. “ನೀಲಕ್ಕ ಹೇಳಿದ್ಲಲ್ಲ, ಓದಾಕ ಒಬ್ಬಾಕಿ ಬರ್ತಾಳಂತ, ಆಕೀನ ಇರಬೇಕು. ಆಕಿ ಬಂದಮ್ಯಾಲ ಹೆಸರು ಹೇಳ್ತೀನಿ ಅಂದಿದ್ಲು. ಈಗ ಹೇಳಾವ್ರು ಯಾರದಾರ? ಇನ್ನೂ ಕಿವಿಗೆ ಬಿದ್ದಿಲ್ಲ ಪಾಪ.”

ಹೀಗೆ, ನನ್ನ ಎದುರಿಗೇ ನನ್ನ ಬಗ್ಗೆ ಜನ ಆಡಿಕೊಂಡ ಇಂಥ ಮಾತುಗಳಿಂದ ಆ ಊರಿನ ರಿವಾಜು ನನಗೆ ತಿಳಿಯಿತು. ಅಲ್ಲಿ ಹೊಸಬರ ದನಿ ಯಾರಿಗೂ ಕೇಳಿಸುವುದಿಲ್ಲ. ಗುರುತಿದ್ದವರೊಬ್ಬರು ಜೊತೆಗೆ ನಿಂತು ‘ಇವರು ಇಂಥವರು’ ಎಂದು ಹೆಸರು ಹೇಳಬೇಕು. ಹೇಳಿದ ಮೇಲೆಯೇ ಎದುರಿನವರ ಕಿವಿಗೆ ಬೀಳುವುದು. ಬರೆದು ತೋರಿಸಿದರೂ ಅಷ್ಟೇ. ನಾನು ಕಾಗದದ ಮೇಲೆ ಬರೆದುಕೊಟ್ಟದ್ದನ್ನು ಕಾಶವ್ವ ಹಿಂದೆ ಮುಂದೆ ತಿರುಗಿಸಿ, ಖಾಲಿ ಹಾಳೆ ಯಾಕೆ ಕೊಟ್ಟಳೋ ಎಂಬಂತೆ ಮಡಿಸಿ ವಾಪಸು ಕೊಟ್ಟಳು. ಅವರ ಮಾತು ಮಾತ್ರ ನನಗೆ ಚೆನ್ನಾಗಿ ಕೇಳಿಸುತ್ತಿತ್ತು. ಕೇಳಿಸದೆ ಇದ್ದಿದ್ದರೆ ಎಷ್ಟೋ ಮೇಲಿತ್ತು ಎಂದು ಆಮೇಲೆ ಅನ್ನಿಸಿತು.

ಊರಿನವರು ಕೆಟ್ಟವರೇನಲ್ಲ. ಕಾಶವ್ವ ತನ್ನ ಮನೆಯ ಹಿಂದಿನ ಖೋಲಿ ತೆಗೆದುಕೊಟ್ಟಳು, ಎರಡು ಹೊತ್ತು ರೊಟ್ಟಿ ಹಾಕಿದಳು. ಅಂಗಡಿಯಲ್ಲಿ ಬೆರಳು ತೋರಿಸಿದರೆ ಸಾಮಾನು ಕೊಡುತ್ತಿದ್ದರು. ಆದರೆ ಹೆಸರು ಹೇಳಿಸಿಕೊಳ್ಳದವರ ಜೊತೆ ತಾವಾಗಿ ಮಾತಾಡುವುದು ಅಲ್ಲಿ ಸಭ್ಯತೆಯಲ್ಲ. ನಾನು ಬಾಯಿ ತೆರೆದ ಕಡೆಯೆಲ್ಲ ಜನ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ದರ್ಜಿ ತೋರಿಸಿದ, ಹಾಲಿನವಳು ತೋರಿಸಿದಳು. ‘ಹೇಗೂ ಕೇಳಿಸುವುದಿಲ್ಲ, ಬಾಯಿ ಮುಚ್ಚಿಕೊಂಡಿರು’ ಎನ್ನುತ್ತಾರೆ ಎಂದು ನಾನು ಅರ್ಥ ಮಾಡಿಕೊಂಡೆ, ಮೈಯುರಿಯಿತು. ಎದುರು ಮನೆಗೆ ಹೊಸ ಸೊಸೆ ಬಂದಿದ್ದಳು. ಅತ್ತೆ ಕರೆದುಕೊಂಡು ಮನೆಮನೆ ತಿರುಗಿ ಹೆಸರು ಹೇಳುವವರೆಗೂ ಆ ಹುಡುಗಿ ತುಟಿ ಪಿಟಕ್ ಅನ್ನಲಿಲ್ಲ. ಎಂಥ ಹೆದರಿದ ಕೂಸು ಎಂದು ಅವಳ ಬಗ್ಗೆ ಮರುಕಪಟ್ಟೆ. ಇನ್ನೊಂದು ಮನೆಯಲ್ಲಿ ಕೂಸಿಗೆ ಹೆಸರಿಡುವ ಶಾಸ್ತ್ರ ನಡೆಯಿತು. ತೊಟ್ಟಿಲ ಬಳಿ ತಾಯಿ ಹೆಸರು ಹೇಳಿದ್ದೇ ತಡ, ತಂದೆ ಎರಡೂ ಕಿವಿ ಮುಚ್ಚಿಕೊಂಡು ಚಾಪೆಯ ಮೇಲೆ ಕುಸಿದ. ಆ ಹೆಸರನ್ನು ಬಾಣಂತಿ ಕೋಣೆಯಲ್ಲಿ ಮೊದಲೇ ಕೇಳಿಸಿಕೊಂಡಿದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. “ಹೆಂಗೈತಿ ಮಗನ ರಾಗ? ನಾವು ನಿದ್ದಿಗೆಟ್ಟಾಗ ನೀ ಗೊರಕಿ ಹೊಡೀತಿದ್ದೆಲ್ಲ!” ಎಂದು ಅವನ ಅತ್ತಿಗೆ ಛೇಡಿಸಿದಳು. ಕೂಸು ಮಾತ್ರ ತೊಟ್ಟಿಲಲ್ಲಿ ಸುಮ್ಮನೆ ಮಲಗಿತ್ತು. ಎಲ್ಲರೂ ನಗುತ್ತಾರಲ್ಲ ಎಂದು ನಾನೂ ನಕ್ಕೆ. ಏನೂ ಅರ್ಥವಾಗಿರಲಿಲ್ಲ.

ವಿಶ್ವವಿದ್ಯಾಲಯ ಊರಿನ ಎತ್ತರದ ಭಾಗದಲ್ಲಿತ್ತು. ಉದ್ದನೆಯ ಮೊಗಸಾಲೆ, ಸಾಲಾಗಿ ಬಾಗಿಲುಗಳು, ಬಾಗಿಲಿಗೊಂದು ಬೆಂಚು. ಗೈಡ್ ಬೇಕಾದವರು ತಮ್ಮ ಹೆಸರು ಹೇಳುವವರನ್ನು ಕರೆದುಕೊಂಡು ಬಂದು ಬೆಂಚಿನಲ್ಲಿ ಕೂತಿರುತ್ತಿದ್ದರು. ಸೋದರಮಾವ, ಹಳೆಯ ಮೇಷ್ಟ್ರು, ಊರಗೌಡ, ಹೀಗೆ ಒಬ್ಬೊಬ್ಬರ ಜೊತೆ ಒಬ್ಬೊಬ್ಬರು. ಒಬ್ಬನಂತೂ ಐದು ಜನರನ್ನು ಕರೆತಂದಿದ್ದ. ನಾನು ಒಬ್ಬಳೇ. ಆದರೂ ಹಟ. ಯಾರಾದರೂ ಒಬ್ಬ ಪ್ರಾಧ್ಯಾಪಕ ಬೇರೆ ಊರಿನವನಿರಬಹುದು, ಯಾರ ಕಿವಿಯಾದರೂ ಚೂರು ಸಡಿಲ ಇರಬಹುದು ಎಂಬ ಆಸೆ. ಮಾತನ್ನು ಕನ್ನಡಿಯ ಮುಂದೆ ಉರು ಹೊಡೆದು ಸಿದ್ಧ ಮಾಡಿಕೊಂಡಿದ್ದೆ: “ನಮಸ್ಕಾರ. ನಾನು ಚಂದ್ರಮತಿ. ನಿಮ್ಮ ಬರವಣಿಗೆಯನ್ನು ಬಹಳ ವರ್ಷಗಳಿಂದ ಓದಿಕೊಂಡು ಬಂದಿದ್ದೇನೆ. ನಿಮ್ಮ ಕೈಕೆಳಗೆ ಸಂಶೋಧನೆ ಮಾಡಬೇಕೆಂಬುದು ನನ್ನ ಜೀವನದ ಒಂದೇ ಆಸೆ.” ಮೊದಲ ಬಾಗಿಲಲ್ಲಿ ಹೇಳಿದೆ. ಅವರು ತುಟಿಗೆ ಬೆರಳಿಟ್ಟರು. ಎರಡನೆಯ ಬಾಗಿಲಲ್ಲೂ ಅದನ್ನೇ ಹೇಳಿದೆ. ಹೀಗೆ ಸಾಲಿಡೀ ಹೇಳಿಕೊಂಡು ಹೋದೆ. ನಾಟಕದ ಇತಿಹಾಸ ಬರೆದವರಿಗೂ ಅದೇ ಜೀವನದ ಒಂದೇ ಆಸೆ, ಶಾಸನ ಓದುವವರಿಗೂ ಅದೇ. ಕೇಳಿಸುವುದಿಲ್ಲ ಅಂದ ಮೇಲೆ ಬೇರೆ ಬೇರೆ ಮಾತು ಹೊಸೆಯುವ ಶ್ರಮವಾದರೂ ಯಾಕೆ?

ಕೊನೆಯ ಬಾಗಿಲು ತೊರಗಲ್ ಮೇಡಂ ಅವರದು. ಇಂದುಮತಿ ತೊರಗಲ್. ಅವರ ಕೆರೆಯ ಪುಸ್ತಕವನ್ನು ನಾನು ನಿಜವಾಗಿಯೂ ಓದಿದ್ದೆ, ನಿಜವಾಗಿಯೂ ಅವರೇ ಬೇಕಾಗಿತ್ತು. ಆ ಬಾಗಿಲಿಗೆ ಬರುವ ಹೊತ್ತಿಗೆ ಅದೇ ಮಾತು ನನ್ನ ಬಾಯಲ್ಲಿ ಎಷ್ಟು ಸವೆದುಹೋಗಿತ್ತೆಂದರೆ, ನಿಜ ಹೇಳುವಾಗಲೂ ಸುಳ್ಳು ಹೇಳಿದಂತೆ ಕೇಳಿಸಿತು. ನನಗೊಬ್ಬಳಿಗೇ ಕೇಳಿಸಿದ್ದು, ಅಷ್ಟೇ ಸಮಾಧಾನ. ಅವರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. ಬೆರಳು ತುಟಿಗೆ ಹೋಗಲಿಲ್ಲ. ಬಾಗಿಲ ಹೊರಗಿನ ಬೆಂಚನ್ನು ತೋರಿಸಿ ಓದಿಗೆ ಮರಳಿದರು.

ಕೂರು ಎಂದು ತೋರಿಸಿದರಲ್ಲ, ಕೂತೆ. ಮರುದಿನವೂ ಹೋಗಿ ಕೂತೆ. ಬೇರೆ ಯಾರೂ ಆ ಬೆಂಚಿಗೆ ಬರುತ್ತಿರಲಿಲ್ಲ. ಹೊಗಳಿಕೊಂಡು ಬರುವವರನ್ನು ಮೇಡಂ ಅಲ್ಲಿಂದಲೇ ವಾಪಸು ಕಳಿಸುತ್ತಾರೆ ಎಂದು ಪಕ್ಕದ ಬಾಗಿಲಲ್ಲಿ ಆಡಿಕೊಳ್ಳುತ್ತಿದ್ದರು. ಬಾಗಿಲು ಯಾವಾಗಲೂ ತೆರೆದೇ ಇರುತ್ತಿತ್ತು. ಮೇಜಿನ ಒಂದು ಮಗ್ಗುಲು ಕಿಟಕಿಗೆ, ಇನ್ನೊಂದು ನನಗೆ. ಮಧ್ಯಾಹ್ನ ಅವರು ಸ್ಟೀಲ್ ಡಬ್ಬಿ ತೆಗೆದು ಕಿಟಕಿಯ ಕಡೆ ನೋಡುತ್ತ ಒಬ್ಬರೇ ಉಣ್ಣುತ್ತಿದ್ದರು. ಕೆಲವು ದಿನ ಕಳೆದ ಮೇಲೆ ಬೆಂಚಿನ ತುದಿಯಲ್ಲಿ ಒಂದು ಲೋಟ ಮಜ್ಜಿಗೆ ಕಾಣಿಸತೊಡಗಿತು. ಇಡುವಾಗ ನನ್ನ ಮುಖ ನೋಡುತ್ತಿರಲಿಲ್ಲ, ನಾನು ಕುಡಿದ ಮೇಲೆ ಲೋಟ ತೆಗೆದುಕೊಂಡು ಹೋಗುತ್ತಿದ್ದರು.

ಬೇಸಿಗೆ ಬಂತು. ಊರ ನಡುವಿನ ಕೆರೆಯ ನೀರು ಇಳಿಯತೊಡಗಿತು. ಮಾತಾಡಿಸುವವರಿಲ್ಲದವರು ಬೆಳಿಗ್ಗೆ ಎದ್ದು ಹೋಗುವುದಾದರೂ ಎಲ್ಲಿಗೆ? ನಾನು ಕೆರೆಗೆ ಹೋಗುತ್ತಿದ್ದೆ. ರಾಜ ಮೊದಲು ಕೆರೆ ಕಟ್ಟಿಸಿದ, ನೀರಿದೆಯೆಂದು ಜನ ಆಮೇಲೆ ಬಂದು ಊರು ಕಟ್ಟಿದರು ಎಂದು ತೊರಗಲ್ ಮೇಡಂ ಪುಸ್ತಕದ ಮೂರನೆಯ ಅಧ್ಯಾಯ ಹೇಳುತ್ತದೆ. ನೀರು ಇಳಿದ ಹಾಗೆ ಕೆಸರಿನಲ್ಲಿ ನೆಲಕ್ಕೆ ಹೂತ ಒಂದು ಒರಳು ಕಂಡಿತು. ಅದರಾಚೆ ಬಾಗಿಲ ತಿರುಗಣಿ ಕೂರುವ ಗುಳಿಯಿದ್ದ ಹೊಸ್ತಿಲ ಕಲ್ಲು. ಕೆರೆಯ ತಳದಲ್ಲಿ ಹೊಸ್ತಿಲು ಯಾಕಿರುತ್ತದೆ? ಮನೆಗಳು ಮೊದಲಿದ್ದವು. ಕೆರೆ ಆಮೇಲೆ ಬಂದು ಅವನ್ನು ಮುಳುಗಿಸಿತು. ಓಡಿಹೋಗಿ ಬೆಂಚಿನಲ್ಲಿ ಕೂತು, ತಲೆ ತಗ್ಗಿಸಿ ಓದುತ್ತಿದ್ದ ಮೇಡಂಗೆ ಎಲ್ಲವನ್ನೂ ಹೇಳಿದೆ. ಕೇಳಿಸುವುದಿಲ್ಲವೆಂದು ಗೊತ್ತಿದ್ದೂ ಹೇಳಿದೆ. ಹೇಳದಿದ್ದರೆ ಹೊಟ್ಟೆ ಉಬ್ಬಿ ಸಾಯುತ್ತಿದ್ದೆ.

ಅಂದಿನಿಂದ ಅದೇ ಅಭ್ಯಾಸವಾಯಿತು. ಬೆಳಿಗ್ಗೆ ಕೆರೆ, ಆಮೇಲೆ ಬೆಂಚು. ಇವತ್ತು ಗೋಡೆಯ ಬುನಾದಿ ಕಂಡಿತು ಮೇಡಂ. ಮೂರನೆಯ ಅಧ್ಯಾಯ ತಪ್ಪು ಮೇಡಂ. ನೀವು ಕೆರೆಗೆ ಇಳಿದು ನೋಡಿಯೇ ಇಲ್ಲ, ಕುರ್ಚಿಯಲ್ಲಿ ಕೂತು ಬರೆದಿದ್ದೀರಿ. ಅವರು ಪುಟ ತಿರುಗಿಸುತ್ತಿದ್ದರು. ಸಂಜೆ ಕಾಶವ್ವನ ಅಡುಗೆಮನೆ. ಅವಳು ರೊಟ್ಟಿ ಬಡಿಯುತ್ತಿದ್ದರೆ ನಾನು ಗೋಡೆಗೊರಗಿ ಕೂತು ಯಾರಿಗೂ ಹೇಳದ್ದನ್ನೆಲ್ಲ ಹೇಳುತ್ತಿದ್ದೆ. ಒಂದು ವರ್ಷ ಸಂಸಾರ ಮಾಡಿ, ನಿನ್ನ ಜೊತೆ ಇದ್ದರೆ ಮನೆಯಲ್ಲಿ ಯಾರೂ ಇಲ್ಲದ ಹಾಗಿರುತ್ತದೆ ಎಂದು ಬಿಟ್ಟುಹೋದವನ ಕಥೆ. ಅವ್ವ ಸಾಯುವಾಗ ಪಕ್ಕದಲ್ಲಿದ್ದೂ ನಿದ್ದೆ ಹೋದ ಕಥೆ. ಯಾರಾದರೂ ನನ್ನ ಹೆಸರು ಹಿಡಿದು ಕರೆದು ಎಷ್ಟು ಕಾಲವಾಯಿತು ಕಾಶವ್ವ, ರಾತ್ರಿ ಮಲಗುವಾಗ ನಾನೇ ಒಂದು ಸಲ ಕರೆದುಕೊಳ್ಳುತ್ತೇನೆ, ಮರೆತುಹೋಗದಿರಲಿ ಅಂತ. ಅವಳು ರೊಟ್ಟಿ ತಿರುವಿ ನನ್ನ ತಟ್ಟೆಗೆ ಹಾಕುತ್ತಿದ್ದಳು. ಗೋಡೆಯ ಹತ್ತಿರ ಮಾತಾಡಿದರೆ ಗೋಡೆ ರೊಟ್ಟಿ ಹಾಕುವುದಿಲ್ಲವಲ್ಲ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅಷ್ಟು ಒಂಟಿಯಾಗಿ ನಾನು ಇನ್ನೆಲ್ಲೂ ಇರಲಿಲ್ಲ.

ಅರ್ಜಿಯ ಕೊನೆಯ ದಿನ ಹತ್ತಿರ ಬರುತ್ತಿತ್ತು. ಒಂದು ಮಧ್ಯಾಹ್ನ, ಐದು ಜನರನ್ನು ಕರೆತಂದಿದ್ದ ಆಸಾಮಿ ಮೊಗಸಾಲೆಯ ತುಂಬ ಪೇಡೆ ಹಂಚಿದ. ಅವನಿಗೆ ಗೈಡ್ ಸಿಕ್ಕಿದ್ದರು. ಮೇಡಂ ಎಂದಿನಂತೆ ಕಿಟಕಿಯ ಕಡೆ ಮುಖ ಮಾಡಿ ಡಬ್ಬಿ ತೆಗೆದರು. ನನಗೆ ಏನಾಯಿತೋ, ತಲೆ ಕೆಟ್ಟುಹೋಯಿತು. “ನಿಮ್ಮ ಬೆಂಚಿಗೆ ಯಾಕೆ ಯಾರೂ ಬರೋದಿಲ್ಲ ಅಂತ ಈಗ ಗೊತ್ತಾಯ್ತು,” ಎಂದೆ. “ಕಲ್ಲು ನೀವು. ನಾಳೆ ನೀವು ಸತ್ತರೆ ಈ ಡಬ್ಬಿ ತೊಳೆದಿಡೋಕೂ ಒಬ್ಬರು ಇರೋದಿಲ್ಲ.” ಅವರು ಒಂದು ತುತ್ತು ಮಜ್ಜಿಗೆ ಅನ್ನ ಕಲಸಿ ಬಾಯಿಗಿಟ್ಟುಕೊಂಡರು. ಮರುದಿನವೂ ಬೆಂಚಿನ ತುದಿಯಲ್ಲಿ ಲೋಟ ಇತ್ತು. ನಾಚಿಕೆಯಾಯಿತು. ಆದರೆ ಕೇಳಿಸದವರ ಹತ್ತಿರ ಕ್ಷಮೆ ಕೇಳುವುದೇನು ಬಂತು ಎಂದು ಸುಮ್ಮನೆ ಕುಡಿದೆ.

ಆ ವಾರವೇ ಫಕೀರಪ್ಪ ಬಂದ. ಅವನು ನೀಲಗಂಗಮ್ಮನವರ ತಮ್ಮ, ದೂರದ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವನು. ಅಕ್ಕನನ್ನು ನೋಡಲು ಹಾಸ್ಟೆಲಿಗೆ ಬರುತ್ತಿದ್ದುದರಿಂದ ನನಗೆ ಗುರುತಿತ್ತು. ಅಕ್ಕನ ಮನೆಯ ಪಾತ್ರೆಪಗಡೆ ಒಯ್ಯಲು ಬಂದವನು ಬೀಗದ ಕೈ ಕೇಳಿಕೊಂಡು ಕಾಶವ್ವನ ಅಡುಗೆಮನೆಗೆ ಕಾಲಿಟ್ಟ. ಗೋಡೆಗೊರಗಿ ಕೂತಿದ್ದ ನನ್ನನ್ನು ನೋಡಿ, “ಅರೆ! ನೀ ಹಾಸ್ಟೆಲ್ಲಿನ ಚಂದ್ರಮತಿ ಅಲ್ಲೇನು?” ಎಂದ.

ಕಾಶವ್ವನ ಕೈಯಲ್ಲಿದ್ದ ರೊಟ್ಟಿ ಹಂಚಿನ ಹೊರಗೆ ಬಿತ್ತು. ಅವಳು ಕಂಬ ಹಿಡಿದು ನಿಧಾನವಾಗಿ ನೆಲಕ್ಕೆ ಕುಳಿತಳು. ನಾನು ಗಾಬರಿಯಾಗಿ ನೀರು ತಂದರೆ, ಫಕೀರಪ್ಪ ನನ್ನ ತೋಳು ಹಿಡಿದು ನಿಲ್ಲಿಸಿದ. “ಆಕೀ ಮುಂದ ಮಾತಾಡಿದ್ದೆಯೇನು ನೀನು?” ಎಂದು ಕೇಳಿದ. ಹೂಂ, ದಿನಾ ಮಾತಾಡ್ತಿದ್ದೆ ಎಂದೆ. ಅವನು ಹಣೆ ಚಚ್ಚಿಕೊಂಡ. “ಬಾಯಿ ಮುಚ್ಚಿಕೊಂಡಿರಬೇಕಂತ ನಮ್ಮಕ್ಕ ಹೇಳಿರಲಿಲ್ಲೇನು? ಆಡಿದ ಮಾತು ಎಲ್ಲಿಗೆ ಹೋಗ್ತಾವ? ಕಿವಿ ಹೊರಗ ನಿಂತಿರ್ತಾವ. ಕಿವಿಗೆ ಹೆಸರು ಬಿದ್ದ ಕೂಡಲೆ ಎಲ್ಲಾ ಒಂದರ ಹಿಂದೊಂದು ಒಳಗ ಬರ್ತಾವ.” ಒಲೆ ಆರಿತು. ಕಾಶವ್ವ ಮೊಣಕಾಲಿಗೆ ಹಣೆ ಹಚ್ಚಿ ಕೇಳುತ್ತಲೇ ಇದ್ದಳು. ಒಮ್ಮೆ ನಕ್ಕಳು, ಒಮ್ಮೆ “ಅಯ್ಯ ಅಂವನ ಬಾಯಾಗ ಮಣ್ಣ ಹಾಕ” ಎಂದಳು. ಅದು ನನ್ನ ಗಂಡನಿಗೆ ಇರಬೇಕು. ದೀಪ ಹಚ್ಚುವ ಹೊತ್ತಿಗೆ ತಲೆ ಎತ್ತಿ ನನ್ನನ್ನು ನೋಡಿದಳು. ಅವಳ ಕಣ್ಣುಗಳು ಕೆಂಪಾಗಿದ್ದವು. “ಚಂದ್ರಮತೀ,” ಎಂದು ಕರೆದಳು. ಮತ್ತೆ “ಚಂದ್ರಮತೀ” ಎಂದಳು. ನಾನು ಅವಳ ಮಡಿಲಲ್ಲಿ ಮುಖವಿಟ್ಟು ಗಟ್ಟಿಯಾಗಿ ಅತ್ತೆ.

ಅಳು ನಿಂತ ಮೇಲೆ ಮೊಗಸಾಲೆ ನೆನಪಾಯಿತು. ಅಲ್ಲಿ ಒಬ್ಬೊಬ್ಬರ ಬಾಗಿಲಲ್ಲೂ ಅದೇ ‘ಜೀವನದ ಒಂದೇ ಆಸೆ’ ಕಾದು ನಿಂತಿತ್ತು. ಬೆರಳು ತುಟಿಗಿಟ್ಟವರೆಲ್ಲ ನನ್ನ ಒಳ್ಳೆಯದಕ್ಕೇ ಹೇಳಿದ್ದರು, ಆ ಹೊಸ ಸೊಸೆ ಹೆದರಿದವಳಲ್ಲ, ಜಾಣೆ. ತೊಟ್ಟಿಲ ಬಳಿ ಕುಸಿದ ತಂದೆಯ ಕಿವಿಗೆ ಬಿದ್ದದ್ದು ಕೂಸಿನ ಅಷ್ಟೂ ದಿನಗಳ ಅಳು. ಕಾಶವ್ವ ರಾತ್ರಿಯೂಟಕ್ಕೆ ಬಡಿಸುತ್ತ ಲೆಕ್ಕಾಚಾರ ಹಾಕಿದಳು. “ಕುಷ್ಟಗಿ ಮಾಸ್ತರು ರಜಾದ ಮ್ಯಾಲಿದ್ರು, ನಿನ್ನೆ ಬಂದಾರ. ಅವರ ಮುಂದ ನೀ ಇನ್ನೂ ಬಾಯಿ ತಗದಿಲ್ಲ. ಹೊಸಾ ಕಿವಿ. ಹಳೇ ತೂಕದ ಕಲ್ಲಿನ ಮ್ಯಾಲ ಅದೇನೋ ಬರೀತಾರಂತ. ನಾ ಬಂದು ಹೆಸರು ಹೇಳ್ತೀನಿ, ತಗೋತಾರ. ಯಾರಿಗೂ ಇಲ್ಲ ಅನ್ನೂದಿಲ್ಲ ಅವರು.”

“ಕೆರೆ?” ಎಂದೆ.

“ಕೆರಿ ಎಲ್ಲಿಗೂ ಹೋಗೂದಿಲ್ಲವಾ. ನಿನ್ನ ವಯಸ್ಸು ಹೋಗತೈತಿ.”

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕುಷ್ಟಗಿಯವರ ಹತ್ತಿರ ಹೋದರೆ ನಾಳೆಯೇ ನಾನು ಸಂಶೋಧನಾ ವಿದ್ಯಾರ್ಥಿನಿ. ತೊರಗಲ್ ಮೇಡಂ ಹತ್ತಿರ ಹೋದರೆ ಆ ಡಬ್ಬಿಯ ಮಾತು ಅವರ ಕಿವಿಗೆ ಹೋಗುತ್ತದೆ, ನಾನು ಎದುರಿಗೆ ನಿಂತು ಅದನ್ನು ನೋಡಬೇಕು. ಹೋಗದಿದ್ದರೆ, ಒರಳು, ಹೊಸ್ತಿಲು, ಅಷ್ಟು ದಿನಗಳ ಬೆಳಗುಗಳು, ಎಲ್ಲ ಅವರ ಬಾಗಿಲ ಹೊರಗೆ ನಿಂತೇ ಇರುತ್ತವೆ. ನಾನು ಬೇರೆ ಬಾಗಿಲಿಗೆ ಹೋಗುವಾಗ ದಿನಾ ಅವುಗಳ ಮುಂದೆಯೇ ಹಾದುಹೋಗಬೇಕು. ಅದು ನನ್ನಿಂದಾಗದು ಅನ್ನಿಸಿತು. ಬೆಳಿಗ್ಗೆ ಕೆರೆಗೆ ಹೋಗಿಬಂದು, “ಕೊನೇ ಬಾಗಿಲಿಗೇ ಹೋಗೋಣ ಕಾಶವ್ವ” ಎಂದೆ. ಅವಳು ಬಾಯಿಬಿಟ್ಟು ಬೈಯಲಿಲ್ಲ, ಚಪ್ಪಲಿ ಮೆಟ್ಟಿದ ರೀತಿಯಲ್ಲೇ ಬೈದಳು.

ಮೇಡಂ ಡಬ್ಬಿ ತೆರೆಯುತ್ತಿದ್ದರು. ಕಾಶವ್ವ ಹೊಸ್ತಿಲಲ್ಲಿ ನಿಂತು, ಸೆರಗು ತಲೆಗೆಳೆದುಕೊಂಡು, “ಬಾಯಾರ, ಈಕಿ ಚಂದ್ರಮತಿ. ನಮ್ಮ ನೀಲಕ್ಕನ ಕಡಿಯಾಕಿ. ನಮ್ಮನ್ಯಾಗ ಇರ್ತಾಳ. ಮಾತು ಭಾಳ, ಆದ್ರ ಮನಸ್ಸು ಛಲೋ,” ಎಂದಳು. ಆ ಗಳಿಗೆಗೇ ಸರಿಯಾಗಿ ನಾಟಕದ ಪ್ರಾಧ್ಯಾಪಕರು ಚಹಾದ ಕಪ್ಪು ಹಿಡಿದು ಬಾಗಿಲ ಮುಂದೆ ಹಾಯುತ್ತಿದ್ದರು. ಅವರ ಕಿವಿಗೂ ಹೆಸರು ಬಿತ್ತು. ನಿಂತು, ಹುಬ್ಬೇರಿಸಿ, ನನ್ನನ್ನೂ ಬಾಗಿಲ ಮೇಲಿನ ಹೆಸರನ್ನೂ ನೋಡಿದರು. “ಜೀವನದ ಒಂದೇ ಆಸೆ! ಇರಲಿ, ಇರಲಿ,” ಎಂದು ನಗುತ್ತ ಹೋದರು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಕಾಶವ್ವ ನನ್ನ ಬೆನ್ನು ತಟ್ಟಿ ಮನೆಗೆ ಹೊರಟುಹೋದಳು.

ಮೇಡಂ ಕನ್ನಡಕ ತೆಗೆದಿಟ್ಟು ಕಣ್ಣು ಮುಚ್ಚಿದರು. ಮೊದಲು ಆ ಸವೆದ ಮಾತು ತಲುಪಿರಬೇಕು, ತುಟಿಯ ಒಂದು ಕೊನೆ ಬೇಸರದಿಂದ ಇಳಿಯಿತು. ಆಮೇಲೆ ಬಹಳ ಹೊತ್ತು ಮುಖದಲ್ಲಿ ಏನೂ ಕಾಣಲಿಲ್ಲ. ನಾನು ಎದುರಿನ ಸ್ಟೂಲಿನಲ್ಲಿ ಕೂತು, ಈಗ ಯಾವ ದಿನದ ಮಾತು ಕೇಳುತ್ತಿರಬಹುದು ಎಂದು ಮುಖ ನೋಡಿ ಊಹಿಸಲು ನೋಡುತ್ತಿದ್ದೆ. ಒಮ್ಮೆ ಅವರ ಬೆರಳು ಮೇಜಿನ ಮೇಲೆ ಗುಂಡಗೆ ಒಂದು ಸುತ್ತು ಬಂತು. ಒರಳು ಎಂದುಕೊಂಡೆ. ಒಮ್ಮೆ ಕಣ್ಣು ತೆರೆಯದೆಯೇ ಕೈಚಾಚಿ ತಮ್ಮ ಪುಸ್ತಕವನ್ನು ಹತ್ತಿರ ಎಳೆದುಕೊಂಡರು. ಇನ್ನೊಮ್ಮೆ ತಲೆಯನ್ನು ಜೋರಾಗಿ ಅಡ್ಡಡ್ಡ ಆಡಿಸಿದರು, ಸ್ವಲ್ಪ ಹೊತ್ತಿನ ಮೇಲೆ ಆ ಆಡಿಸುವುದು ನಿಂತಿತು. ಡಬ್ಬಿಯ ಅನ್ನ ಒಣಗುತ್ತಿತ್ತು. ಪೇಡೆಯ ದಿನ ಹತ್ತಿರ ಬರುತ್ತಿದೆಯೆಂದು ನನಗೆ ಗೊತ್ತಿತ್ತು. ಈಗ ಏನಾದರೂ ಆಡಿದರೆ ಅದು ಸಾಲಿನ ಕೊನೆಗೇ ಹೋಗಿ ನಿಲ್ಲುವುದು, ನಡುವೆ ನುಗ್ಗಿ ತಡೆಯುವ ಉಪಾಯವಿಲ್ಲ. ಆದರೂ ಹೇಳಿದೆ. “ಆ ಮಾತು ನಿಮಗೆ ಆಡಿದ್ದಲ್ಲ ಮೇಡಂ. ನನ್ನ ತಟ್ಟೆ ತೊಳೆಯೋಕೂ ಯಾರೂ ಇಲ್ಲ. ಅದು ನನ್ನ ಭಯ. ತಪ್ಪಾಯ್ತು.”

ಆಗ ಅವರು ಕಣ್ಣು ತೆರೆದರು. ನನ್ನ ಕ್ಷಮೆ ತಲುಪಿ ಅಲ್ಲ, ಅದು ಇನ್ನೂ ಹಿಂದೆ ಎಲ್ಲೋ ನಿಂತಿತ್ತು. ಅವರು ಎದುರಿಗಿದ್ದ ಡಬ್ಬಿಯನ್ನು ನೋಡಿದರು. ನಿಧಾನವಾಗಿ ಮುಚ್ಚಳ ಹಾಕಿ ಪಕ್ಕಕ್ಕೆ ಸರಿಸಿದರು, ಯಾರೋ ಬಂದಾಗ ಎಂಜಲು ಮರೆಮಾಡುವ ಹಾಗೆ. ಮತ್ತೆ ಕಣ್ಣು ಮುಚ್ಚಿದರು. ನಾನು ಅಷ್ಟು ಸಣ್ಣವಳಾಗಿ ಯಾವತ್ತೂ ಕೂತಿರಲಿಲ್ಲ. ಕಿಟಕಿಯ ಬಿಸಿಲು ಮೇಜಿನಿಂದ ಇಳಿದು ನೆಲಕ್ಕೆ ಬಂತು. ಪಕ್ಕದ ಬಾಗಿಲುಗಳು ಒಂದೊಂದಾಗಿ ಬೀಗ ಹಾಕಿಕೊಂಡವು.

ಕೊನೆಗೊಮ್ಮೆ ಅವರು ಉಸಿರು ಬಿಟ್ಟು ಕನ್ನಡಕ ಹಾಕಿಕೊಂಡರು. ಕ್ಷಮೆಯೂ ತಲುಪಿತ್ತೆಂದು ಕಾಣುತ್ತದೆ. ಅದರ ಮಾತೆತ್ತಲಿಲ್ಲ, ಡಬ್ಬಿಯ ಮಾತನ್ನೂ ಎತ್ತಲಿಲ್ಲ. “ನಾ ಕೆರಿಗೆ ಇಳಿದಿದ್ದೆ,” ಎಂದರು. “ಇಪ್ಪತ್ತೈದು ವರ್ಷದ ಹಿಂದ. ಆ ವರ್ಷ ನೀರು ಅಷ್ಟು ಇಳಿಯಲಿಲ್ಲ. ಮುಂದ ಹೋಗಲಿಲ್ಲ. ಅದು ನಂದ ತಪ್ಪು.” ಕೈ ಚಾಚಿದರು. ನಾನು ಚೀಲದಿಂದ ಅರ್ಜಿ ತೆಗೆದುಕೊಟ್ಟೆ. ಅದನ್ನು ಮೇಜಿನ ಮೇಲೆ ಹರಡಿ, ಗೈಡ್ ಸಹಿ ಮಾಡುವ ಜಾಗಕ್ಕೆ ಬೆರಳು ಇಟ್ಟು, ಪೆನ್ನಿನ ಮುಚ್ಚಳ ತೆಗೆದು, ಹಾಗೇ ತಡೆದರು. “ನಿನ್ನೆ ತನಕದ್ದು ಎಲ್ಲಾ ಕೇಳಿದೆ. ಇವತ್ತಿಂದು ನೀ ಇನ್ನೂ ಹೇಳಿಲ್ಲ. ಮುಂಜಾನೆ ಕೆರಿಗೆ ಹೋಗಿದ್ದೆಲ್ಲ? ಏನ್ ಕಂಡಿ?”

ನಾನು ಬಾಯಿ ತೆರೆದೆ. ಅವರು ನನ್ನನ್ನೇ ನೋಡುತ್ತಿದ್ದರು, ಕೇಳಲು ಸಿದ್ಧವಾಗಿ, ಸ್ವಲ್ಪ ಮುಂದಕ್ಕೆ ಬಾಗಿ. ಆ ಬಾಗಿಲಲ್ಲಿ ಅಷ್ಟು ತಿಂಗಳು ಹರಟಿದವಳ ಗಂಟಲಲ್ಲಿ ಒಂದು ಅಕ್ಷರ ಉಳಿದಿರಲಿಲ್ಲ. ಏನು ಹೇಳಿದರೂ ತಪ್ಪಾದೀತು, ಹೇಳಿದ್ದು ಅಲ್ಲೇ ಆ ಗಳಿಗೆಗೇ ಅವರಿಗೆ ತಾಗೀತು, ವಾಪಸು ಪಡೆಯಲಾಗದು. “ಮೇಡಂ” ಎನ್ನಲು ಹೋದರೆ ಬರೀ ಗಾಳಿ ಬಂತು. ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ಇಷ್ಟೆಲ್ಲ ಆಗಿ, ಕೇಳುವ ಕಿವಿ ಸಿಕ್ಕ ದಿನವೇ ಮೂಕಿಯಾದೆನಲ್ಲ ಎಂದು ಕಣ್ಣಲ್ಲಿ ನೀರು ತುಂಬಿತು.

ಅವರು ಪೆನ್ನು ಕೆಳಗಿಟ್ಟರು. ಮುಗಿಯಿತು ಎಂದುಕೊಂಡೆ. ಅವರು ಎದ್ದು, ತಮ್ಮ ಕುರ್ಚಿಯನ್ನು ಎತ್ತಿ ಗೋಡೆಯ ಕಡೆ ತಿರುಗಿಸಿ, ನನಗೆ ಬೆನ್ನು ಕೊಟ್ಟು ಕೂತರು. ಪುಸ್ತಕವೊಂದನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಒಂದು ಪುಟ ತಿರುಗಿಸಿದರು.

“ಈಗ ಹೇಳು,” ಎಂದರು ಗೋಡೆಗೆ. “ನನಗೇನೂ ಕೇಳಸೂದಿಲ್ಲ.”

ಅವರ ಬೆನ್ನನ್ನೇ ನೋಡುತ್ತ ಕೂತೆ. ಹೊರಗೆ ಜವಾನ ಮೊಗಸಾಲೆ ಗುಡಿಸುತ್ತಿದ್ದ ಸದ್ದು. ಕೊನೆಗೆ ನನ್ನ ದನಿ ಬಂತು, ನನ್ನದೇ ಅಲ್ಲವೆಂಬಷ್ಟು ಸಣ್ಣಗೆ. “ಇವತ್ತು ಹೊಸ್ತಿಲ ಒಳಗಡೆ ನೀರು ಇಳಿದಿತ್ತು ಮೇಡಂ. ಒಂದು ಒಲೆ ಕಂಡಿತು. ಕಲ್ಲಿನಲ್ಲಿ ಕಡಿದದ್ದು. ತುಂಬಾ ಚಿಕ್ಕದು. ಒಬ್ಬರಿಗೆ ಮಾತ್ರ ಬೇಯಿಸಿಕೊಳ್ಳೋವಷ್ಟು.”

ಪುಟ ತಿರುಗಿಸುತ್ತಿದ್ದ ಕೈ ನಿಂತಿತು.

“ಹ್ಞೂಂ,” ಎಂದಿತು ಆ ಬೆನ್ನು.